ಕಾಲೇಜು ಗಡಿಯಾಚೆ, ಕಾಗದ ಗಡಿಯೀಚೆ

ಪ್ಲಸ್ ಟು ಫಲಿತಾಂಶ ಪ್ರಕಟವಾದ ಮರುದಿನದಿಂದಲೇ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮನೆಗಳಲ್ಲಿ ಒಂದು ಲೆಕ್ಕಾಚಾರ ಆರಂಭವಾಗುತ್ತದೆ. ಮಗಳಿಗೆ ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೀಟು ದೊರೆಯುವ ಸಂಭವವಿದೆ. ತಂದೆ ಅಡಿಕೆ ತೋಟದ ಕೂಲಿ, ತಾಯಿ ಬೀಡಿ ಕಟ್ಟುವವರು. ನಾಲ್ಕು ವರ್ಷಗಳ ಶುಲ್ಕ, ಹಾಸ್ಟೆಲು, ಪುಸ್ತಕ ಎಲ್ಲ ಸೇರಿ ನಾಲ್ಕು ಲಕ್ಷ ರೂಪಾಯಿ ಬೇಕು. ಮನೆಯಲ್ಲಿರುವುದು ಹತ್ತು ಸೆಂಟ್ಸ್ ಜಾಗ ಮತ್ತು ಹೆಂಚಿನ ಮನೆ.

ತಂದೆ ಊರಿನ ಬ್ಯಾಂಕಿಗೆ ಹೋಗುತ್ತಾರೆ. "ಕಾಲೇಜು ಮಂಗಳೂರಿನಲ್ಲಲ್ಲವೇ? ಅಲ್ಲಿಯ ಶಾಖೆಯಲ್ಲಿ ವಿಚಾರಿಸಿ" ಎಂಬ ಉತ್ತರ ದೊರೆಯುತ್ತದೆ. ಒಂದು ದಿನದ ಕೂಲಿ ಬಿಟ್ಟು ತಲಪಾಡಿ ದಾಟಿ ಮಂಗಳೂರಿಗೆ ಹೋದರೆ ಅಲ್ಲಿ ಕೇಳುವ ಮಾತು ಬೇರೆ: "ನಿಮ್ಮ ವಿಳಾಸ ಕೇರಳದ್ದು. ಊರಿನ ಶಾಖೆಯಲ್ಲೇ ಕೇಳಬೇಕು." ಎರಡು ಕಡೆಯಲ್ಲೂ ಯಾರೂ ಒಂದಕ್ಷರ ಬರೆದು ಕೊಡುವುದಿಲ್ಲ. ಶುಲ್ಕ ಕಟ್ಟಲು ಉಳಿದಿರುವುದು ಐದು ದಿನ. ಕೊನೆಗೆ ತಾಯಿಯ ಕತ್ತಿನ ಸರ ಅಡವಿನ ಅಂಗಡಿ ಸೇರುತ್ತದೆ, ಅಥವಾ ಸೀಟು ಕೈಬಿಡುತ್ತದೆ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಗಡಿನಾಡಿನ ಹಲವು ಮನೆಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಹೀಗೆಯೇ ನಡೆಯುವಂಥದು. 1956ರ ನವೆಂಬರ್ 1ರಂದು ಎಳೆದ ಗಡಿರೇಖೆ ಊರನ್ನು ಒಂದು ರಾಜ್ಯದಲ್ಲೂ ಹತ್ತಿರದ ಕಾಲೇಜನ್ನು ಇನ್ನೊಂದು ರಾಜ್ಯದಲ್ಲೂ ಇರಿಸಿದೆ. ಉನ್ನತ ಶಿಕ್ಷಣಕ್ಕೆ ದೊರೆಯುವ ಹಣಕ್ಕೆ ಸಂಬಂಧಿಸಿದ ನಿಯಮಗಳು ಮಾತ್ರ ಬಹುಮಟ್ಟಿಗೆ ಒಂದೇ ಸೂತ್ರವನ್ನು ಹಿಡಿದು ನಡೆಯುತ್ತವೆ: ಹಣ ಬರುವುದು ವಿದ್ಯಾರ್ಥಿಯ ಮನೆಯ ವಿಳಾಸವನ್ನು ಹಿಡಿದು, ಕಾಲೇಜಿನ ವಿಳಾಸವನ್ನು ಹಿಡಿದಲ್ಲ. ಈ ಸೂತ್ರವನ್ನು ಮೊದಲೇ ಅರಿತವರು ಅಲೆದಾಟದಿಂದ ಪಾರಾಗುತ್ತಾರೆ.

ಮೊದಲು ವಿದ್ಯಾರ್ಥಿವೇತನ, ಬಳಿಕ ಸಾಲ

ಹಣ ಎರಡು ಬಗೆಯದು. ವಿದ್ಯಾರ್ಥಿವೇತನ, ಶುಲ್ಕ ರಿಯಾಯಿತಿ, ಧನಸಹಾಯ ಇವು ಮರಳಿಸಬೇಕಾಗಿಲ್ಲದ ಹಣ. ಬ್ಯಾಂಕಿನ ಸಾಲ ಬಡ್ಡಿಸಮೇತ ಮರಳಿಸಬೇಕಾದ ಹಣ. ಮೊದಲನೆಯದು ಎಷ್ಟು ಬರಬಹುದೆಂದು ಎಣಿಸಿದ ಮೇಲೆಯೇ ಎರಡನೆಯದರ ಮೊತ್ತವನ್ನು ನಿಶ್ಚಯಿಸುವುದು ವಿವೇಕ. ಬಹಳ ಮನೆಗಳಲ್ಲಿ ಈ ಕ್ರಮ ತಿರುವುಮುರುವಾಗಿರುತ್ತದೆ.

ಕೇಂದ್ರ ಸರ್ಕಾರದ ಕಾಲೇಜು ಮತ್ತು ವಿಶ್ವವಿದ್ಯಾಲಯ ವಿದ್ಯಾರ್ಥಿವೇತನ ಯೋಜನೆಯನ್ನು ಉದಾಹರಣೆಗೆ ನೋಡಬಹುದು. ಹನ್ನೆರಡನೆಯ ತರಗತಿಯಲ್ಲಿ ತಮ್ಮ ಬೋರ್ಡಿನಿಂದ ತಮ್ಮ ವಿಭಾಗದಲ್ಲಿ ತೇರ್ಗಡೆಯಾದವರ ಪೈಕಿ ಮೇಲಿನ ಶೇಕಡಾ 20ರೊಳಗೆ ಬಂದವರು, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದವರು ಇದಕ್ಕೆ ಅರ್ಜಿ ಸಲ್ಲಿಸಬಹುದು. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಗಳ ವೃತ್ತಿಪರ ಕೋರ್ಸಾದರೆ ನಾಲ್ಕನೆಯ ವರ್ಷ 20,000 ರೂಪಾಯಿ; ಒಟ್ಟು 56,000. ಪ್ರತಿವರ್ಷ ನವೀಕರಣಕ್ಕೆ ಶೇಕಡಾ 50 ಅಂಕ, ಶೇಕಡಾ 75 ಹಾಜರಿ ಬೇಕು. ಸಂಖ್ಯೆ ಸೀಮಿತವಾದುದರಿಂದ ಅರ್ಹರೆಲ್ಲರಿಗೂ ದೊರೆಯುವ ಭರವಸೆಯಿಲ್ಲ. ಆದರೆ ಅರ್ಜಿ ಹಾಕದವರಿಗೆ ದೊರೆಯದೆಂಬುದು ಖಚಿತ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ಕೇಂದ್ರ ವಿದ್ಯಾರ್ಥಿವೇತನಕ್ಕೆ ಹೆತ್ತವರ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಇಲ್ಲಿ ಮನೆಯ ವಿಳಾಸದ ಸೂತ್ರ ಸ್ಪಷ್ಟವಾಗಿ ಬರೆಯಲ್ಪಟ್ಟಿದೆ: ವಿದ್ಯಾರ್ಥಿ ಯಾವ ರಾಜ್ಯದಲ್ಲಿ ಕಾಯಂ ಆಗಿ ನೆಲೆಸಿದ್ದಾನೋ ಆ ರಾಜ್ಯ ಸರ್ಕಾರವೇ ಅದನ್ನು ನೀಡಬೇಕು. ಕಾಸರಗೋಡಿನ ವಿದ್ಯಾರ್ಥಿ ಮಂಗಳೂರಿನಲ್ಲಿ ಓದಿದರೂ ಆತ ಕೇಳಬೇಕಾದುದು ಕೇರಳವನ್ನು. ಕೇರಳದಲ್ಲಿ ಇಂತಹ ಅರ್ಜಿಗಳ ಜಾಲತಾಣ ಇ-ಗ್ರಾಂಟ್ಸ್. ಕರ್ನಾಟಕದ ರಾಜ್ಯ ವಿದ್ಯಾರ್ಥಿವೇತನ ತಾಣದಲ್ಲಿ ಕೇರಳದ ಜಾತಿ, ಆದಾಯ ಪತ್ರಗಳನ್ನು ಹಿಡಿದು ಪ್ರಯತ್ನಿಸಿ ತಿಂಗಳುಗಳನ್ನು ಕಳೆದುಕೊಳ್ಳುವವರಿದ್ದಾರೆ. ಒಂದು ರಾಜ್ಯದಲ್ಲಿ ದೊರೆತ ಪರಿಶಿಷ್ಟ ಜಾತಿ ಅಥವಾ ಪಂಗಡದ ಸ್ಥಾನಮಾನ ವಲಸೆಯೊಂದಿಗೆ ಇನ್ನೊಂದು ರಾಜ್ಯಕ್ಕೆ ಸಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲೇ ಹೇಳಿದೆ.

ಗಡಿನಾಡ ಕನ್ನಡಿಗರೆಂಬ ನೆಲೆಯಲ್ಲಿ ಕರ್ನಾಟಕದ ವೃತ್ತಿಪರ ಸೀಟುಗಳಿಗೆ ಸ್ಪರ್ಧಿಸುವ ಅವಕಾಶವಿರುವುದು ನಿಜ. ಆದರೆ ಅದು ಸೀಟಿನ ಅರ್ಹತೆ ಮಾತ್ರ. ಸೀಟು ಕೊಟ್ಟ ರಾಜ್ಯವೇ ವಿದ್ಯಾರ್ಥಿವೇತನವನ್ನೂ ಕೊಡುವುದೆಂಬ ನಂಬಿಕೆ ಸರಿಯಲ್ಲ.

ಇನ್ನೊಂದು ತಪ್ಪು ಕನ್ನಡ ಮಾಧ್ಯಮದ ಮಕ್ಕಳಿಂದ ಮತ್ತೆ ಮತ್ತೆ ಆಗುತ್ತದೆ. ಅರ್ಜಿಯಲ್ಲಿ 'ಅಲ್ಪಸಂಖ್ಯಾತರೇ?' ಎಂಬ ಪ್ರಶ್ನೆ ಕಂಡೊಡನೆ, ಶಾಲೆಯಲ್ಲಿ ಕೇಳಿ ರೂಢಿಯಾದ 'ಭಾಷಾ ಅಲ್ಪಸಂಖ್ಯಾತರು' ಎಂಬ ಮಾತು ನೆನಪಾಗಿ ಅವರು 'ಹೌದು' ಎಂದು ಗುರುತು ಹಾಕುತ್ತಾರೆ. ರಾಷ್ಟ್ರೀಯ ವಿದ್ಯಾರ್ಥಿವೇತನ ತಾಣದ ಕೇಂದ್ರ ಯೋಜನೆಗಳಲ್ಲಿ ಆ ಪದಕ್ಕೆ 1992ರ ಕಾಯಿದೆಯಡಿ ಅಧಿಸೂಚಿತವಾದ ಆರು ಸಮುದಾಯಗಳು ಎಂದಷ್ಟೇ ಅರ್ಥ: ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ ಮತ್ತು 2014ರಲ್ಲಿ ಸೇರಿದ ಜೈನ. ಕನ್ನಡ ಮಾತೃಭಾಷೆಯೆಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ಒಂದು ತಪ್ಪು ಗುರುತಿನಿಂದ ಅರ್ಹವಾದ ಅರ್ಜಿಯೂ ತಿರಸ್ಕೃತವಾಗಬಹುದು.

ಹೆಸರು ಮೂರು ಲಿಪಿಗಳನ್ನು ದಾಟುವಾಗ

ಅರ್ಜಿಗಳು ಬಿದ್ದುಹೋಗುವುದು ಅನರ್ಹತೆಯಿಂದ ಮಾತ್ರವಲ್ಲ, ಅಕ್ಷರವ್ಯತ್ಯಾಸದಿಂದಲೂ ಹೌದು. ಗಡಿನಾಡಿನಲ್ಲಿ ಒಬ್ಬರ ಹೆಸರು ಕನ್ನಡದಲ್ಲಿ ಹುಟ್ಟಿ, ಮಲಯಾಳದ ಕಡತದಲ್ಲಿ ನಡೆದು, ಇಂಗ್ಲಿಷಿನ ಗಣಕಯಂತ್ರಕ್ಕೆ ಸೇರುತ್ತದೆ. ಐತಪ್ಪ ಎಂಬವರು ಪಡಿತರ ಚೀಟಿಯಲ್ಲಿ ಐತ್ತಪ್ಪ, ಆಧಾರಿನಲ್ಲಿ ಇತಪ್ಪ ಆಗಿರುತ್ತಾರೆ. ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಹೆಸರಿನ ಹಿಂದೆ ಇರುವ ಮನೆಯ ಇನಿಷಿಯಲ್ ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ ಮುಂದೆ ಇರುತ್ತದೆ. ಮನುಷ್ಯನ ಕಣ್ಣಿಗೆ ಒಂದೇ ಆಗಿ ತೋರುವ ಈ ಹೆಸರುಗಳು ಗಣಕಯಂತ್ರಕ್ಕೆ ಮೂವರು ಬೇರೆ ಬೇರೆ ವ್ಯಕ್ತಿಗಳು.

ಇದಕ್ಕೆ ಪರಿಹಾರವಿದೆ. ಎರಡು ಹೆಸರುಗಳೂ ಒಬ್ಬರದೇ ಎಂದು ದೃಢೀಕರಿಸುವ ಪ್ರಮಾಣಪತ್ರವನ್ನು ವಿಲ್ಲೇಜು ಆಫೀಸು ನೀಡುತ್ತದೆ. ಅಕ್ಷಯ ಕೇಂದ್ರದ ಮೂಲಕ ಅರ್ಜಿ ಸಲ್ಲಿಸಬಹುದು. ಆದಾಯ, ಜಾತಿ, ನಿವಾಸ ಪ್ರಮಾಣಪತ್ರಗಳಿಗೂ ಅದೇ ದಾರಿ. ಇವೆಲ್ಲಕ್ಕೂ ಸಮಯ ಬೇಕು. ಸೀಟಿನ ಪತ್ರ ಕೈಗೆ ಬಂದ ಮೇಲೆ ಓಡಾಡುವುದಕ್ಕಿಂತ ಪ್ಲಸ್ ಟು ಪರೀಕ್ಷೆ ಮುಗಿದ ಏಪ್ರಿಲ್ ತಿಂಗಳಲ್ಲೇ ಇವುಗಳನ್ನು ಸಿದ್ಧಪಡಿಸಿಕೊಂಡರೆ ಜೂನ್, ಜುಲೈಗಳ ಆತಂಕ ಅರ್ಧ ತಗ್ಗುತ್ತದೆ.

ಕಚೇರಿಯಲ್ಲಿ ಭಾಷೆ ತೊಡಕಾದರೆ ನೆನಪಿಡಬೇಕಾದ ಒಂದು ವಿಧಿಯೂ ಇದೆ. ಸಂವಿಧಾನದ 350ನೆಯ ವಿಧಿಯಂತೆ, ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಮನವಿ ಸಲ್ಲಿಸಲು ಪ್ರತಿಯೊಬ್ಬರಿಗೂ ಹಕ್ಕಿದೆ. ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ಬರೆಯುವ ದೂರು ಕನ್ನಡದಲ್ಲಿದೆ ಎಂಬ ಕಾರಣಕ್ಕೆ ಅದನ್ನು ಹಿಂದಿರುಗಿಸುವಂತಿಲ್ಲ.

ವಿದ್ಯಾರ್ಥಿವೇತನದ ಹಣ ಆಧಾರ್ ಜೋಡಣೆಯಾದ ಖಾತೆಗೆ ನೇರವಾಗಿ ಬರುತ್ತದೆ. ವಿದ್ಯಾರ್ಥಿಗೆ ಎರಡು ಮೂರು ಖಾತೆಗಳಿದ್ದರೆ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೇ ಹಣ ಸೇರುವುದು. ಬಾಲ್ಯದಲ್ಲಿ ತೆರೆದ, ಈಗ ವ್ಯವಹಾರವಿಲ್ಲದೆ ನಿಂತುಹೋದ ಖಾತೆಯೇ ಅದಾಗಿದ್ದರೆ ಮಂಜೂರಾದ ಹಣವೂ ಹಿಂದಿರುಗೀತು.

ಸಾಲದ ನಿಯಮ ಏನು ಹೇಳುತ್ತದೆ

ಮರಳಿ ಬ್ಯಾಂಕಿನ ಕೌಂಟರಿಗೆ ಬರಬೇಕು. ವಿದ್ಯಾಭ್ಯಾಸ ಸಾಲ ವ್ಯವಸ್ಥಾಪಕರ ಕೃಪೆಯಲ್ಲ. ಭಾರತೀಯ ಬ್ಯಾಂಕುಗಳ ಸಂಘ ಇದಕ್ಕೊಂದು ಮಾದರಿ ಯೋಜನೆಯನ್ನು ರೂಪಿಸಿದೆ, ರಿಸರ್ವ್ ಬ್ಯಾಂಕ್ ನಿರ್ದೇಶನಗಳನ್ನು ಹೊರಡಿಸಿದೆ. ಅವುಗಳ ತಿರುಳು ಹೀಗಿದೆ.

ನಾಲ್ಕು ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬ್ಯಾಂಕು ಆಸ್ತಿಯ ಅಡಮಾನ ಕೇಳುವಂತಿಲ್ಲ. ಹೆತ್ತವರಲ್ಲಿ ಒಬ್ಬರು ಸಹಸಾಲಗಾರರಾಗಿ ಸಹಿ ಹಾಕಬೇಕು, ಅಷ್ಟೆ. ಈ ಮಿತಿಯೊಳಗೆ ಕೈಯಿಂದ ಹಾಕಬೇಕಾದ ಪಾಲೂ ಇಲ್ಲ. ನಾಲ್ಕರಿಂದ ಏಳೂವರೆ ಲಕ್ಷದವರೆಗೆ ಮೂರನೆಯವರ ಜಾಮೀನು ಕೇಳುವ ಪದ್ಧತಿಯಿತ್ತು. 2015ರ ಸಾಲ ಖಾತರಿ ನಿಧಿ ಯೋಜನೆಯಡಿ ಕೊಟ್ಟ ಸಾಲಕ್ಕೆ ಅದೂ ಬೇಡ. ಅದಕ್ಕಿಂತ ಮೇಲ್ಪಟ್ಟ ಮೊತ್ತಕ್ಕೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಬೇಕಾಗುತ್ತದೆ. ಹತ್ತು ಸೆಂಟ್ಸಿನ ಆಧಾರಪತ್ರವನ್ನು ಚೀಲದಲ್ಲಿಟ್ಟುಕೊಂಡು ನಾಲ್ಕು ಲಕ್ಷ ಕೇಳಲು ಹೋಗುವ ತಂದೆ ಆ ಪತ್ರವನ್ನು ಮನೆಯಲ್ಲೇ ಬಿಟ್ಟು ಹೋಗಬಹುದು.

ವಿಳಾಸದ ಪ್ರಶ್ನೆಗೂ ಉತ್ತರವಿದೆ. ಹೆತ್ತವರ ವಾಸಸ್ಥಳಕ್ಕೆ ಹತ್ತಿರದ ಶಾಖೆಯೇ ಅರ್ಜಿಯನ್ನು ಪರಿಗಣಿಸಬೇಕೆಂಬುದು ಮಾದರಿ ಯೋಜನೆಯ ಆಶಯ. ಅರ್ಜಿದಾರರ ಮನೆ ತಮ್ಮ ಸೇವಾವ್ಯಾಪ್ತಿಯಲ್ಲಿಲ್ಲವೆಂಬ ಕಾರಣಕ್ಕೆ ವಿದ್ಯಾಭ್ಯಾಸ ಸಾಲದ ಅರ್ಜಿಯನ್ನು ತಿರಸ್ಕರಿಸಕೂಡದೆಂದು ರಿಸರ್ವ್ ಬ್ಯಾಂಕ್ 2012ರ ನವೆಂಬರಿನಲ್ಲಿ ಬ್ಯಾಂಕುಗಳಿಗೆ ತಿಳಿಸಿದೆ. ಆದ್ದರಿಂದ ಊರಿನ ಶಾಖೆಯೇ ಮೊದಲ ಬಾಗಿಲು.

ಅರ್ಜಿಯನ್ನು ಬಾಯಿಮಾತಿನಲ್ಲಿ ಕೇಳದೆ ಜಾಲತಾಣದಲ್ಲಿ ಸಲ್ಲಿಸುವುದು ಲೇಸು. 2015ರ ಆಗಸ್ಟಿನಲ್ಲಿ ಆರಂಭವಾದ ವಿದ್ಯಾಲಕ್ಷ್ಮಿ ತಾಣದಲ್ಲಿ ಒಂದೇ ನಮೂನೆಯನ್ನು ತುಂಬಿ ಮೂರು ಬ್ಯಾಂಕುಗಳವರೆಗೆ ಕಳುಹಿಸಲು ಅವಕಾಶ ಕಲ್ಪಿಸಲಾಯಿತು. ಇದರಿಂದ ಅರ್ಜಿಗೊಂದು ಸಂಖ್ಯೆ, ಒಂದು ದಿನಾಂಕ ದೊರೆಯುತ್ತದೆ. ಬಾಯಿಮಾತಿನ ನಿರಾಕರಣೆಗೆ ದಾಖಲೆಯಿಲ್ಲ. ಸಂಖ್ಯೆಯುಳ್ಳ ಅರ್ಜಿಗೆ ಉತ್ತರ ಕೊಡಲೇಬೇಕು. ಹದಿನೈದು ದಿನಗಳಿಂದ ಒಂದು ತಿಂಗಳೊಳಗೆ ಅರ್ಜಿ ವಿಲೇವಾರಿಯಾಗಬೇಕು, ಮೇಲಧಿಕಾರಿಯ ಒಪ್ಪಿಗೆಯಿಲ್ಲದೆ ಶಾಖೆಯ ಮಟ್ಟದಲ್ಲೇ ತಿರಸ್ಕರಿಸಬಾರದು ಎಂಬುದು ಮಾದರಿ ಯೋಜನೆಯ ನಿಯಮ.

ತಂದೆಯ ಹಳೆಯ ಸಾಲ ಬಾಕಿಯಿದೆ, ಸಿಬಿಲ್ ಅಂಕ ಕಡಿಮೆ ಎಂಬ ಉತ್ತರ ದೊರೆತಾಗ ಹೆಚ್ಚಿನವರು ತಲೆತಗ್ಗಿಸಿ ಹಿಂದಿರುಗುತ್ತಾರೆ. ಹೆತ್ತವರ ಸಿಬಿಲ್ ಅಂಕ ತೃಪ್ತಿಕರವಲ್ಲವೆಂಬುದು ಮಕ್ಕಳ ವಿದ್ಯಾಭ್ಯಾಸ ಸಾಲವನ್ನು ನಿರಾಕರಿಸಲು ಕಾರಣವಾಗದೆಂದು ಕೇರಳ ಉಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿದೆ. 2023ರಲ್ಲಿ ಇನ್ನೊಂದು ಪ್ರಕರಣದಲ್ಲಿ, ಸ್ವತಃ ವಿದ್ಯಾರ್ಥಿಯ ಅಂಕ ಕಡಿಮೆಯಿದ್ದಾಗಲೂ ಮಾನವೀಯ ದೃಷ್ಟಿಯಿಂದ ನೋಡಬೇಕೆಂದು ಅದೇ ನ್ಯಾಯಾಲಯ ಅಭಿಪ್ರಾಯಪಟ್ಟಿತು. ಇದರರ್ಥ ಎಲ್ಲ ಅರ್ಜಿಗಳೂ ಮಂಜೂರಾಗಲೇಬೇಕೆಂದಲ್ಲ. ಕೋರ್ಸಿಗೆ ಮಾನ್ಯತೆಯಿದೆಯೇ, ಪ್ರವೇಶ ಪ್ರತಿಭೆಯ ಆಧಾರದಲ್ಲಿ ದೊರೆತುದೇ, ಕಲಿತ ಮೇಲೆ ದುಡಿಮೆಯ ಸಾಧ್ಯತೆಯಿದೆಯೇ ಎಂದು ಪರಿಶೀಲಿಸುವ ಅಧಿಕಾರ ಬ್ಯಾಂಕಿಗಿದೆ. ಆ ಪರಿಶೀಲನೆಯನ್ನು ಮಾಡದೆ ಅಂಕವೊಂದನ್ನೇ ತೋರಿಸಿ ಕಳುಹಿಸುವುದು ಮಾತ್ರ ಸರಿಯಲ್ಲ.

ಬಡ್ಡಿಯ ಲೆಕ್ಕ

ಸಾಲ ದೊರೆಯಿತೆಂಬ ಸಂತೋಷದಲ್ಲಿ ಮರೆತುಹೋಗುವುದು ಬಡ್ಡಿ. ಕೋರ್ಸಿನ ಅವಧಿ ಮತ್ತು ಬಳಿಕ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಹಣ ಬಿಡುಗಡೆಯಾದ ದಿನದಿಂದಲೇ ಎಣಿಕೆಯಾಗುತ್ತದೆ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಪಡೆದ ಸಾಲಕ್ಕೆ, ಲೆಕ್ಕದ ಅನುಕೂಲಕ್ಕಾಗಿ ಶೇಕಡಾ 10ರ ಸರಳಬಡ್ಡಿ ಹಿಡಿದರೆ, ಐದು ವರ್ಷ ಮುಗಿಯುವಾಗ ಬಡ್ಡಿಯೇ 1,40,000 ರೂಪಾಯಿ ಆಗಿರುತ್ತದೆ. ನಾಲ್ಕು ಲಕ್ಷದ ಸಾಲ ಆಗ 5,40,000. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳ ಕಂತು ಸುಮಾರು 7,140 ರೂಪಾಯಿ. ಓದುವ ಕಾಲದಲ್ಲೇ ಬಡ್ಡಿಯನ್ನು ಕಟ್ಟುತ್ತ ಬಂದಿದ್ದರೆ ಕಂತು ಸುಮಾರು 5,290. ಈ 1,850 ರೂಪಾಯಿಗಳ ವ್ಯತ್ಯಾಸ ಹತ್ತು ವರ್ಷಗಳಲ್ಲಿ ಎರಡು ಲಕ್ಷ ಇಪ್ಪತ್ತು ಸಾವಿರ ದಾಟುತ್ತದೆ. ಓದುವಾಗಲೇ ಬಡ್ಡಿ ಕಟ್ಟುವವರಿಗೆ ಶೇಕಡಾ 1ರಷ್ಟು ರಿಯಾಯಿತಿ ನೀಡಲೂ ಬ್ಯಾಂಕುಗಳಿಗೆ ಅವಕಾಶವಿದೆ, ಕೇಳಿ ತಿಳಿಯಬೇಕು.

ಈ 1,40,000 ರೂಪಾಯಿಯ ಭಾರವನ್ನೇ ಹೊರಲು 2009ರಲ್ಲಿ ಕೇಂದ್ರದ ಬಡ್ಡಿ ಸಹಾಯಧನ ಯೋಜನೆ ಬಂದಿತು. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಪಡೆದ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸಿಗೆ ಸೇರಿದವರ ರಜಾ ಅವಧಿಯ ಪೂರ್ಣ ಬಡ್ಡಿಯನ್ನು ಸರ್ಕಾರ ಭರಿಸುತ್ತದೆ. ನರ್ಸಿಂಗಿನಂತಹ ಕೋರ್ಸುಗಳಿಗೆ ಸಂಬಂಧಪಟ್ಟ ಪರಿಷತ್ತಿನ ಮಾನ್ಯತೆ ಬೇಕು. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕೇ ಈ ಯೋಜನೆಯ ನೋಡಲ್ ಬ್ಯಾಂಕು. ಇದು ತಾನಾಗಿ ಬರುವ ಹಣವಲ್ಲ. ಆದಾಯ ಪ್ರಮಾಣಪತ್ರವನ್ನು ಸಾಲ ಕೊಟ್ಟ ಶಾಖೆಗೆ ಸಕಾಲದಲ್ಲಿ ಒಪ್ಪಿಸಿ, ತಮ್ಮ ಹೆಸರು ಸೇರಿದೆಯೇ ಎಂದು ವಿಚಾರಿಸಬೇಕು. ಅರ್ಧದಲ್ಲೇ ಓದು ಬಿಟ್ಟವರಿಗೆ ಸಹಾಯಧನವಿಲ್ಲ.

2024ರ ನವೆಂಬರ್ 6ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ ಇನ್ನೊಂದು ದಾರಿ. ಆಯ್ದ ಶ್ರೇಷ್ಠ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಅಡಮಾನ, ಜಾಮೀನು ಎರಡೂ ಇಲ್ಲದೆ ಸಾಲ. ಆರಂಭದಲ್ಲಿ 860 ಸಂಸ್ಥೆಗಳನ್ನು ಗುರುತಿಸಲಾಯಿತು. ಕೇಂದ್ರ ಸರ್ಕಾರದ ಆಡಳಿತಕ್ಕೊಳಪಟ್ಟ ಸಂಸ್ಥೆಗಳು ಈ ವರ್ಗದಲ್ಲಿ ಬರುತ್ತವೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯವೂ ಸುರತ್ಕಲ್ಲಿನ ಎನ್.ಐ.ಟಿ.ಕೆ.ಯೂ ಕೇಂದ್ರದ ಸಂಸ್ಥೆಗಳೇ. ಆದಾಯ 8 ಲಕ್ಷದವರೆಗಿನ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ರಜಾ ಅವಧಿಗೆ ಶೇಕಡಾ 3ರ ವಿನಾಯಿತಿ. ಆದರೆ ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಅಥವಾ ಬಡ್ಡಿ ನೆರವು ಪಡೆಯುವವರಿಗೆ ಈ ವಿನಾಯಿತಿ ಸಲ್ಲದು. ಯಾವುದು ಹೆಚ್ಚು ಲಾಭಕರವೆಂದು ಮೊದಲೇ ತೂಗಿ ನೋಡಬೇಕು.

ಸರ್ಕಾರದ ಖಾತರಿಯಿದೆ ಎಂದಾಕ್ಷಣ ಸಾಲ ಮರಳಿಸಬೇಕಾಗಿಲ್ಲವೆಂದು ತಿಳಿಯುವವರೂ ಇದ್ದಾರೆ. ಖಾತರಿ ಇರುವುದು ಬ್ಯಾಂಕಿಗೆ, ಸಾಲಗಾರರಿಗಲ್ಲ. ಸಹಿ ಹಾಕಿದ ತಂದೆ ಅಥವಾ ತಾಯಿ ಮಗಳಷ್ಟೇ ಹೊಣೆಗಾರರು. ಮರಳಿಸಲಾಗದ ವಿದ್ಯಾಭ್ಯಾಸ ಸಾಲಗಳು ಮನೆಮನೆಯ ಚಿಂತೆಯಾದಾಗ 2017ರಲ್ಲಿ ಕೇರಳ ಸರ್ಕಾರ ಮರುಪಾವತಿ ನೆರವಿನ ಯೋಜನೆಯನ್ನೇ ಪ್ರಕಟಿಸಬೇಕಾಯಿತು. ಅಂತಹ ನೆರವು ಪ್ರತಿಬಾರಿಯೂ ಬರುವುದೆಂದು ನೆಚ್ಚಿ ಸಾಲ ಮಾಡಲಾಗದು. ಕೋರ್ಸು ಮುಗಿದ ಮೇಲೆ ಆರಂಭದ ಸಂಬಳದಲ್ಲಿ 7,140 ರೂಪಾಯಿ ತೆಗೆದಿಟ್ಟು ಉಳಿದುದರಲ್ಲಿ ಬದುಕಬಹುದೇ ಎಂಬ ಪ್ರಶ್ನೆಯನ್ನು ಅರ್ಜಿ ತುಂಬುವ ಮೊದಲೇ ಮಗಳೂ ತಂದೆತಾಯಿಯೂ ಒಟ್ಟಿಗೆ ಕುಳಿತು ಕೇಳಿಕೊಳ್ಳಬೇಕು.

ನಿರಾಕರಿಸಿದರೆ

ನಿರಾಕರಣೆ ಬಂದರೆ ಮೊದಲು ಕೇಳಬೇಕಾದುದು ಲಿಖಿತ ಕಾರಣ. ಶಾಖೆ ಕೊಡದಿದ್ದರೆ ಅದೇ ಬ್ಯಾಂಕಿನ ಪ್ರಾದೇಶಿಕ ಕಚೇರಿಗೆ ಬರೆಯಬೇಕು. ಸರ್ಕಾರಿ ಬ್ಯಾಂಕುಗಳು ಮಾಹಿತಿ ಹಕ್ಕು ಕಾಯಿದೆಗೆ ಒಳಪಡುವುದರಿಂದ ತಮ್ಮ ಅರ್ಜಿಯ ಮೇಲೆ ಏನು ಕ್ರಮವಾಯಿತೆಂದು 10 ರೂಪಾಯಿ ಶುಲ್ಕದಲ್ಲಿ ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಉಚ್ಚ ನ್ಯಾಯಾಲಯ ಕೊನೆಯ ಮೆಟ್ಟಿಲು. ಅಲ್ಲಿಗೆ ಹೋದವರ ಕೈಯಲ್ಲೂ ಇರಬೇಕಾದುದು ಇದೇ ಕಾಗದಗಳು: ಅರ್ಜಿಯ ಸಂಖ್ಯೆ, ದಿನಾಂಕ, ಲಿಖಿತ ಉತ್ತರ.

ಮೊದಲು ಹೇಳಿದ ತಂದೆ ಏಪ್ರಿಲಿನಲ್ಲೇ ಅಕ್ಷಯ ಕೇಂದ್ರಕ್ಕೆ ಹೋಗಿ ಆದಾಯಪತ್ರವನ್ನೂ ಹೆಸರಿನ ದೃಢೀಕರಣವನ್ನೂ ಮಾಡಿಸಿಕೊಂಡಿದ್ದರೆ, ಮಗಳು ಸೀಟು ಖಚಿತವಾದ ದಿನವೇ ವಿದ್ಯಾಲಕ್ಷ್ಮಿ ತಾಣದಲ್ಲಿ ಊರಿನ ಶಾಖೆಯ ಹೆಸರನ್ನು ತುಂಬಿದ್ದರೆ, ಕೌಂಟರಿನ ಮುಂದೆ ನಡೆಯುವ ಮಾತು ಬೇರೆಯಾಗಿರುತ್ತಿತ್ತು. "ಸಾರ್, ಸಾಲ ಸಿಗಬಹುದೇ?" ಎಂದು ಕೇಳುವ ಬದಲು, "ಸಾರ್, ಇದು ಮಗಳ ಅರ್ಜಿಯ ಸಂಖ್ಯೆ. ಕಾಗದಗಳೆಲ್ಲ ಇಲ್ಲಿವೆ. ಪಡೆದುಕೊಂಡುದಕ್ಕೆ ಒಂದು ರಶೀದಿ ಕೊಡಬೇಕು" ಎಂದು ಅವರು ಹೇಳುತ್ತಿದ್ದರು. ರಶೀದಿ ಕೈಗೆ ಬಂದ ಮೇಲೆ ಆ ದಿನದ ಕೂಲಿ ಬಿಟ್ಟು ತಲಪಾಡಿ ದಾಟಬೇಕಾದ ಅಗತ್ಯವೂ ಇರುತ್ತಿರಲಿಲ್ಲ.